ವೈನಲ್ ಕೆಳಗಿನ ಒರಟು ಕೆಲಸ

ಹಳೇ ಕಾರುಗಳ ಶಾಪಿನಲ್ಲಿ ನನಗೆ ಒಗ್ಗೋಕೆ ತುಂಬಾ ಹೊತ್ತು ಹಿಡಿದ ಮಾತು ಇದು: ಫ್ಯಾಕ್ಟರಿಯವರು ಗಡಿಬಿಡಿಯಲ್ಲಿ ಬಿಟ್ಟುಹೋದ ಒರಟನ್ನು ನೀನು ನುಣುಪು ಮಾಡಬೇಡ. ಟಿಂಕರಿಂಗ್ ಕಲಿತವನ ಗಂಟಲಲ್ಲಿ ಇದು ಸುಲಭಕ್ಕೆ ಇಳಿಯಲ್ಲ. ಉಬ್ಬು ಕಂಡ್ರೆ ಸುತ್ತಿಗೆ, ತಗ್ಗು ಕಂಡ್ರೆ ಪುಟ್ಟಿ, ಆಮೇಲೆ ಎಮರಿ ಪೇಪರ್ ಅಂತಲೇ ಕೈ ಪಳಗಿರುತ್ತೆ.

ಡೆಟ್ರಾಯ್ಟ್ ಹತ್ತಿರ ಇರೋ ನಮ್ಮ ಶಾಪಿಗೆ 1970ರ ಪ್ಲಿಮತ್ ಸೂಪರ್‌ಬರ್ಡ್ ಒಂದು ಬಂತು. ಚೂಪು ಮೂತಿ, ಹಿಂದೆ ಎತ್ತರಕ್ಕೆ ನಿಂತ ರೆಕ್ಕೆ, ಕಿತ್ತಳೆ ಬಣ್ಣ. ಆ ಬಣ್ಣಕ್ಕೆ ಕಂಪನಿ ಇಟ್ಟ ಹೆಸರು ‘ವೈಟಮಿನ್ ಸಿ’. ಮಾಲೀಕರ ಪಟ್ಟಿಯಲ್ಲಿ ಮೊದಲನೇ ಕೆಲಸವೇ ರೂಫಿನದು, ಅದಕ್ಕೆ ಹೊದಿಸಿದ್ದ ಚರ್ಮದಂಥ ಪ್ಲಾಸ್ಟಿಕ್ ಹಾಳೆಯದು: ‘ಕಪ್ಪು ವೈನಲ್ ಕಿತ್ತುಹಾಕಿ, ಕೆಳಗಿನ ತಗಡು ಚೆನ್ನಾಗಿ ತಿಕ್ಕಿ, ಮೇಲಿಂದ ಕೆಳಗಿನವರೆಗೂ ಒಂದೇ ಬಣ್ಣ ಹೊಡೀರಿ.’ ಕೇಳೋಕೆ ನ್ಯಾಯವಾಗೇ ಇತ್ತು. ವೈನಲ್ ನೀರು ಹಿಡಿಯುತ್ತೆ, ಹಿಂದಿನ ಗಾಜಿನ ಮೂಲೆಗಳಲ್ಲಿ ತುಕ್ಕು ಆಗಲೇ ಹೊಟ್ಟೆ ಊದಿಸಿಕೊಂಡು ಕೂತಿತ್ತು.

ಆದರೆ ಆ ವೈನಲ್ ಅಲಂಕಾರಕ್ಕೆ ಬಂದದ್ದಲ್ಲ. ಪ್ಲಿಮತ್‌ನ ಮಾಮೂಲಿ ರೋಡ್ ರನ್ನರ್ ಕಾರಿಗೆ ಮೂತಿ, ರೆಕ್ಕೆ ಕೂರಿಸಿದ ಈ ಕಾರು ಹುಟ್ಟಿದ್ದೇ ಅಮೆರಿಕದ ನ್ಯಾಸ್ಕಾರ್ ಕಾರ್ ರೇಸಿಗಾಗಿ. ಇದರ ಅಣ್ಣ, 1969ರ ಡಾಡ್ಜ್ ಚಾರ್ಜರ್ ಡೇಟೋನಾ ಬಂದಾಗ ಸುಮಾರು 500 ಕಾರು ಮಾಡಿದ್ರೆ ರೇಸಿಗೆ ಪರವಾನಗಿ ಸಿಗ್ತಿತ್ತು. 1970ಕ್ಕೆ ನಿಯಮ ಬದಲಾಯ್ತು: ಇಬ್ಬರು ಡೀಲರಿಗೆ ಒಂದರಂತೆ ಕಾರು ಕಟ್ಟಬೇಕು. ಅಂದ್ರೆ 1,900ಕ್ಕೂ ಹೆಚ್ಚು, ಅದೂ ಅವಸರದಲ್ಲಿ. ಗಾಳಿ ಜಾರಿಹೋಗಲಿ ಅಂತ ಒಳಗೆ ತಗ್ಗಿದ್ದ ಹಿಂದಿನ ಗಾಜನ್ನು ಹೊರಕ್ಕೆ ತಂದು, ಸುತ್ತ ತಗಡು ತುಂಬಿಸಿ ವೆಲ್ಡ್ ಮಾಡಿದ್ರು. ಡೇಟೋನಾದಲ್ಲಿ ಆ ಜೋಡಣೆಯನ್ನು ಕೂತು ತಿಕ್ಕಿ ಪೇಂಟ್ ಮಾಡಿದ್ದರು. ಸೂಪರ್‌ಬರ್ಡಿನಲ್ಲಿ ಅಷ್ಟು ವ್ಯವಧಾನ ಯಾರಿಗೂ ಇರಲಿಲ್ಲ, ಮೇಲೊಂದು ವೈನಲ್ ಎಳೆದು ಮುಚ್ಚಿದರು.

ನಾವು ಹೀಟ್ ಗನ್ ಹಿಡಿದು ಅಂಚಿನಿಂದ ಬಿಡಿಸುತ್ತಾ ಹೋದಾಗ ಅದೇ ಕಂಡಿತು. ವೆಲ್ಡಿನ ಗಂಟುಗಳು ಹಾಗೇ ಇವೆ. ಗ್ರೈಂಡರ್ ಓಡಿದ ಅರ್ಧಚಂದ್ರದ ಗೀರುಗಳು ಪ್ರೈಮರ್ ಮೇಲೂ ಎದ್ದು ಕಾಣ್ತಿವೆ. ಕಿತ್ತಳೆ ಬಣ್ಣ ಅಂಚಿನಿಂದ ಒಂದೆರಡು ಬೆರಳಗಲ ಒಳಗೆ ಬಂದು, ಸ್ಪ್ರೇ ಗನ್ ತಿರುಗಿಸಿಕೊಂಡು ಹೋದ ಕಡೆ ಧೂಳಿನ ಹಾಗೆ ತೆಳುವಾಗಿ ನಿಂತುಬಿಟ್ಟಿದೆ. ನನ್ನ ಕೈ ತಾನಾಗೇ ಸ್ಯಾಂಡರ್ ಕಡೆ ಹೋಯ್ತು. ನಮ್ಮ ಹಿರಿಯ ಬಾಡಿ ಮೆಕ್ಯಾನಿಕ್ ಕ್ಯಾಮೆರಾ ತಂದು ನನ್ನ ಕೈಗೆ ಕೊಟ್ಟರು.

‘ಇದನ್ನ ತಿಕ್ಕಿದ್ರೆ ಡೇಟೋನಾ ಆಗಲ್ಲ’ ಅಂದರು, ‘ಯಾರೋ ರೋಡ್ ರನ್ನರಿಗೆ ಮೂತಿ ಅಂಟಿಸಿದ ಕಾರು ಆಗುತ್ತೆ.’

ಅದು ಬರೀ ಮಾತಲ್ಲ. ಆಗ ಈ ಕಾರನ್ನು ಕೊಳ್ಳೋರಿಲ್ಲದೆ ಎಷ್ಟೋ ಡೀಲರುಗಳ ಅಂಗಳದಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. ಕೆಲವರು ಮೂತಿ, ರೆಕ್ಕೆ ಬಿಚ್ಚಿ ಮಾಮೂಲಿ ರೋಡ್ ರನ್ನರ್ ಮಾಡಿ ಮಾರಿದ್ರು. ಈಗ ಬೆಲೆ ಆಕಾಶಕ್ಕೇರಿದ ಮೇಲೆ ಉಲ್ಟಾ ಕೆಲಸ ಮಾಡೋರೂ ಇದ್ದಾರೆ. ಹೀಗಿರುವಾಗ ಕಾರಿನ ಗುರುತು ನಂಬರಿನಲ್ಲೂ ಇಂಥ ಗೀರುಗಳಲ್ಲೂ ಇರುತ್ತೆ. ಡ್ಯಾಶ್ ಮೇಲಿನ ನಂಬರ್ ಆರ್‌ಎಂ23ವಿ0ಎ ಅಂತ ಶುರುವಾದರೆ ರೋಡ್ ರನ್ನರ್ ಸಾಲಿನ ಎರಡು ಬಾಗಿಲಿನ ಹಾರ್ಡ್‌ಟಾಪ್, ಮೂರು ಕಾರ್ಬುರೇಟರಿನ 390 ಹಾರ್ಸ್‌ಪವರ್, 440 ಕ್ಯೂಬಿಕ್ ಇಂಚಿನ ಇಂಜಿನ್, 1970, ಡೆಟ್ರಾಯ್ಟಿನ ಲಿಂಚ್ ರೋಡ್ ಪ್ಲಾಂಟ್. ಅದೇ ಸರಣಿ ಸಂಖ್ಯೆ ಇಂಜಿನ್ ಬ್ಲಾಕಿನ ಮೇಲೂ ಒತ್ತಿರಬೇಕು. ಈ ಕಾರಿಗೆ ಏನೇನು ಹಾಕಬೇಕು ಅಂತ ಫ್ಯಾಕ್ಟರಿಯವರು ಬರೆದ ಚೀಟಿ, ಅಂದ್ರೆ ಬಿಲ್ಡ್ ಶೀಟ್, ಹಿಂದಿನ ಸೀಟಿನ ಸ್ಪ್ರಿಂಗಿನಲ್ಲಿ ಸಿಕ್ಕಿದರಂತೂ ಹಬ್ಬ. ನಮಗೆ ಇಲಿ ತಿಂದು ಬಿಟ್ಟ ಚೂರುಗಳಷ್ಟೇ ಸಿಕ್ಕವು, ಅವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟೆವು.

ಕೊನೆಗೆ ತುಕ್ಕು ಹಿಡಿದ ಮೂಲೆಗಳನ್ನಷ್ಟೇ ಕತ್ತರಿಸಿ ಹೊಸ ತಗಡು ಕೂರಿಸಿದೆವು. ಆ ತುಂಡುಗಳನ್ನು ನಾನು ನೀಟಾಗೇ ಮುಗಿಸಿದೆ. ಕಾರು ಪ್ರದರ್ಶನದ ಸ್ಪರ್ಧೆಯಲ್ಲಿ ಪಾಯಿಂಟಿಗಾಗಿ ಪೇಂಟಿನ ಸೋರುಗಳನ್ನು, ಫ್ಯಾಕ್ಟರಿ ಇನ್‌ಸ್ಪೆಕ್ಟರನ ಸೀಮೆಸುಣ್ಣದ ಗುರುತನ್ನು ಹೊಸದಾಗಿ ಬರೆಯೋ ಶಾಪುಗಳೂ ಇವೆ. ಫೋಟೋದಲ್ಲಿ ಆಧಾರ ಇರೋ ಗುರುತನ್ನು ಮತ್ತೆ ಹಾಕಿದ್ರೆ ಒಪ್ಪಬಹುದು, ಆದರೆ ನಾನು ಇವತ್ತು ಹಾಕಿದ ತಗಡಿನ ಮೇಲೆ 1970ರ ಅವಸರವನ್ನು ನಟಿಸೋಕೆ ನನಗೆ ಮನಸ್ಸಿಲ್ಲ.

ಮಾಡಿಫಿಕೇಷನ್ ವಿಷಯದಲ್ಲಿ ಶಾಪಿನ ಲೆಕ್ಕ ಸರಳ: ಸ್ಪ್ಯಾನರಿನಲ್ಲಿ ಹಾಕಿದ್ದು ಸ್ಪ್ಯಾನರಿನಲ್ಲೇ ಬಿಚ್ಚೋ ಹಾಗಿದ್ರೆ ಮಾಡು. ಡಿಸ್ಟ್ರಿಬ್ಯೂಟರ್ ಒಳಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿ, ಹಳೇ ಪಾಯಿಂಟ್ಸು, ಕಂಡೆನ್ಸರನ್ನು ಡಬ್ಬಿಯಲ್ಲಿ ಹಾಕಿ ಮಾಲೀಕರಿಗೆ ಕೊಟ್ಟೆವು. ಎಥನಾಲ್ ಬೆರೆತ ಪೆಟ್ರೋಲಿಗೆ ತಡೆಯೋ ಹೋಸ್ ಹಾಕಿದೆವು, ಕ್ಯಾಮ್‌ಶಾಫ್ಟ್ ಸವೆಯದಿರಲಿ ಅಂತ ಜಿಂಕ್ ಜಾಸ್ತಿ ಇರೋ ಆಯಿಲ್. ಸೀಸ ಇಲ್ಲದ ಪೆಟ್ರೋಲಿಗೆ ಗಟ್ಟಿ ವಾಲ್ವ್ ಸೀಟ್ ಹಾಕಿಸೋಣವೇ ಅಂತ ಮಾಲೀಕರು ಕೇಳಿದರು. ಅದಕ್ಕೆ ಮೂಲ ಸಿಲಿಂಡರ್ ಹೆಡ್ಡನ್ನೇ ಕೊರೀಬೇಕು. ಭಾನುವಾರ ಒಂದು ಸುತ್ತು ಹೋಗಿಬರೋ ಕಾರಿಗೆ ಅದು ಬೇಡ, ಸೀಟು ಸವೆದ ದಿನ ನೋಡೋಣ ಅಂದ್ವಿ.

ಮಾಲೀಕರ ಮುಖ ಗಂಟಿಕ್ಕಿದ್ದು ಬಿಲ್ಲು ನೋಡಿದಾಗ. ಬಿಚ್ಚೋ ಮೊದಲು ಅಳತೆ, ಫೋಟೋ, ಚೀಟಿ ಅಂಟಿಸೋದಕ್ಕೇ ಎಷ್ಟೊಂದು ಗಂಟೆ ಹಾಕಿದ್ದೀರಿ ಅಂತ ತಕರಾರು. ಫೋಟೋಗಳನ್ನೆಲ್ಲ ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟಮೇಲೆ, ಆ ಒರಟು ವೆಲ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ ಗ್ಯಾರೇಜಿನಲ್ಲಿ ತೂಗುಹಾಕಿದ್ದಾರಂತೆ. ಆದರೂ ಈಗ ನಾವು ದಾಖಲಾತಿಯ ಗಂಟೆಗಳನ್ನು ಎಸ್ಟಿಮೇಟಿನ ಮೊದಲ ಸಾಲಿನಲ್ಲೇ ಬರೆದು, ಸಹಿ ಹಾಕಿಸಿಕೊಂಡು ಆಮೇಲೆ ಸ್ಕ್ರೂಡ್ರೈವರ್ ಎತ್ತಿಕೊಳ್ತೀವಿ.