ಅಪ್ಪನ ಜೊತೆ ಗ್ರಾನ್ ಪರಾದೀಸೊ

ಅಪ್ಪ ದಾಂಡೇಲಿಯಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದವನು. ಈಗ ಕಾಳಿ ಹುಲಿ ಮೀಸಲು ಅನ್ನುವ ಕಾಡಿನಲ್ಲೇ ಅವನ ನೌಕರಿಯ ಬಹುಪಾಲು ಕಳೆಯಿತು. ನಿವೃತ್ತಿಯಾಗಿ ನನ್ನ ಹತ್ತಿರ ಇಟಲಿಯ ಟ್ಯೂರಿನ್‌ಗೆ ಬಂದಾಗ ಅರಮನೆ, ಮ್ಯೂಸಿಯಂ, ಚರ್ಚು ಎಲ್ಲ ಸುತ್ತಿಸಿದೆ. ಎಲ್ಲಕ್ಕೂ "ಚೊಲೋ ಇದ್ದು" ಅಂದ. ಆಮೇಲೊಂದು ದಿನ, ಕಾಡು ಅನ್ನೋದು ಎಲ್ಲಾದರೂ ಇದೆಯಾ ಅಂತ ಕೇಳಿದ. ಹಾಗಾಗಿ ಜುಲೈ ಕೊನೆಯಲ್ಲಿ ಆಲ್ಪ್ಸ್ ಬೆಟ್ಟಗಳಲ್ಲಿರುವ ಗ್ರಾನ್ ಪರಾದೀಸೊ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು. ಮೊದಲ ರಾತ್ರಿ ವಿತ್ತೋರಿಯೊ ಇಮ್ಯಾನುಯೆಲೆ ರಿಫುಜಿಯೊದಲ್ಲಿ (ಬೆಟ್ಟ ಹತ್ತುವವರು ತಂಗುವ ಮನೆ) ಮಲಗಿ, ಮರುದಿನ ಬೆಟ್ಟದ ಮಗ್ಗುಲಲ್ಲೇ ನಡೆದು ಶಾಬೋ ರಿಫುಜಿಯೊ ಮುಟ್ಟಿ, ಅಲ್ಲಿಂದ ಕೆಳಗಿಳಿಯುವುದು ನಮ್ಮ ಲೆಕ್ಕ.

ಆವೊಸ್ತಾದಿಂದ ಬಸ್ಸು ವಾಲ್ಸವರಾಂಶ್ ಕಣಿವೆಯ ಕೊನೆಯ ನಿಲ್ದಾಣ ಪೋಂತ್‌ನಲ್ಲಿ ಇಳಿಸುತ್ತದೆ. ಅದೇ 1960 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಇನ್ನೂ ಏಳುನೂರೈವತ್ತು ಮೀಟರಿಗಿಂತ ಹೆಚ್ಚು ಏರಬೇಕು. ಲಾರ್ಚ್ ಮರಗಳ ನಡುವೆ ದಾರಿ ಅಡ್ಡಡ್ಡ ತಿರುಗುತ್ತಾ ಹೋಗುತ್ತದೆ, ಏದುಸಿರು ಬಿಡಿಸುವಷ್ಟು ಕಡಿದಲ್ಲ. ಅಪ್ಪ ಎರಡು ತಿರುವು ದಾಟುವಷ್ಟರಲ್ಲೇ ನಿಂತು ದಾರಿಯ ಅಂಚಿನ ಕಲ್ಲು ಮುಟ್ಟಿ ನೋಡಿದ. "ಇದು ನಡೆಯುವವರಿಗೆ ಅಂತ ಮಾಡಿದ ದಾರಿ ಅಲ್ಲ ಪುಟ್ಟಿ. ಕುದುರೆಗೆ ಮಾಡಿದ್ದು." ಉದ್ಯಾನದ ತುಂಬ ಇರುವ ಅಂಥ ದಾರಿಗಳು ರಾಜನ ಬೇಟೆಗಾಗಿ ಆದವು. 1856ರಲ್ಲಿ ರಾಜ ಎರಡನೇ ವಿತ್ತೋರಿಯೊ ಇಮ್ಯಾನುಯೆಲೆ ಈ ಬೆಟ್ಟಗಳನ್ನು ರಾಜಮನೆತನದ ಬೇಟೆ ಮೀಸಲು ಮಾಡಿಕೊಂಡ. ಅವನು ಕುದುರೆ ಮೇಲೆ ಕೂತೇ ಮೇಲಕ್ಕೆ ಬರಬೇಕಿತ್ತು. ಇಂದು ನಾವು ಬೆನ್ನಿಗೆ ಚೀಲ ಹಾಕಿಕೊಂಡು ಏರುವುದು ಹೆಚ್ಚಾಗಿ ಅವೇ ದಾರಿಗಳಲ್ಲಿ.

ಬೇಟೆಯಾಡುತ್ತಿದ್ದುದು ಐಬೆಕ್ಸ್ ಎಂಬ ಕಾಡುಮೇಕೆಯನ್ನು. ಒಂದು ಕಾಲಕ್ಕೆ ಆಲ್ಪ್ಸ್ ಉದ್ದಕ್ಕೂ ಇದ್ದ ಪ್ರಾಣಿ. ಅದರ ಕೊಂಬು, ರಕ್ತ, ಹೃದಯದೊಳಗಿನ ಶಿಲುಬೆಯಾಕಾರದ ಎಲುಬು ಎಲ್ಲವೂ ಔಷಧಿ, ತಾಯತ ಅನ್ನುವ ನಂಬಿಕೆಯಿತ್ತು. ಹತ್ತೊಂಬತ್ತನೇ ಶತಮಾನ ಹುಟ್ಟುವ ಹೊತ್ತಿಗೆ ಈ ಬೆಟ್ಟಗಳಲ್ಲಿ ಮಾತ್ರ ಸುಮಾರು ನೂರು ಉಳಿದಿದ್ದವು. 1821ರಲ್ಲಿ ಬೇಟೆ ನಿಷೇಧವಾಯಿತು. 1856ರ ಮೀಸಲಿನಲ್ಲಿ ರಾಜ ತನಗೊಬ್ಬನಿಗೆ ಬೇಟೆಯ ಹಕ್ಕು ಇಟ್ಟುಕೊಂಡರೂ, ಉಳಿದವರನ್ನು ತಡೆಯಲು ಕಾವಲುಗಾರರನ್ನು ನೇಮಿಸಿದ. ಪ್ರಾಣಿ ಉಳಿದದ್ದು ಅದರಿಂದ.

ಸಂಜೆ ರಿಫುಜಿಯೊ ಕಂಡಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಬಾಗಿದ ಅಲ್ಯೂಮಿನಿಯಂ ಮಾಡಿನ ದೊಡ್ಡ ಕಟ್ಟಡ, ಎದುರಿಗೆ ಒಂದು ಪುಟ್ಟ ಕೆರೆ, ಕೆರೆಯಾಚೆ ಹಿಮ ಹೊತ್ತ ಚಾರ್ಫೊರೋನ್ ಶಿಖರ. ಪಕ್ಕದಲ್ಲೇ 1884ರ ಹಳೆಯ ಕಲ್ಲಿನ ಮನೆ ಇನ್ನೂ ಇದೆ. ಇಟಲಿಯ ಪರ್ವತಾರೋಹಿಗಳ ಸಂಘ ಆಲ್ಪೈನ್ ಕ್ಲಬ್‌ನವರು ಕಟ್ಟಿದ್ದು. ಆ ಕ್ಲಬ್ ಶುರುವಾಗಿದ್ದು 1863ರಲ್ಲಿ, ನಮ್ಮ ಟ್ಯೂರಿನ್ನಿನಲ್ಲೇ.

ಒಳಗೆ ಕಾಲಿಡುವ ಮೊದಲೇ ಬೂಟು ಬಿಚ್ಚಬೇಕು. ಬಾಗಿಲ ಬಳಿ ಬೂಟುಗಳ ಗೂಡು, ಇನ್ನೊಂದು ಕಡೆ ಬೇರೆ ಬೇರೆ ಬಣ್ಣದ ರಬ್ಬರ್ ಚಪ್ಪಲಿಗಳು. ಯಾರ ಅಳತೆಗೆ ಯಾವುದು ಸಿಕ್ಕರೆ ಅದು. ಹಾಸಿಗೆ, ಕಂಬಳಿ ಅವರದು, ಅದರೊಳಗೆ ಹೊದೆಯುವ ಬಟ್ಟೆಯ ಚೀಲ ನಮ್ಮದು. ನೋಡಿಕೊಳ್ಳುವ ಹೆಂಗಸು ಪುಸ್ತಕದಲ್ಲಿ ಹೆಸರು ಬರೆದುಕೊಂಡು, ನಾಳೆ ಎಲ್ಲಿಗೆ, ಯಾವ ದಾರಿ ಅಂತ ಕೇಳಿದರು. ಅಪ್ಪನಿಗೆ ಈ ಪ್ರಶ್ನೆ ಬಹಳ ಹಿಡಿಸಿತು. "ಬೀಟಿಗೆ ಹೋಗುವಾಗ ನಾವೂ ಬರೆದೇ ಹೋಗ್ತಿದ್ದೆವು. ವಾಪಸ್ ಬರದಿದ್ರೆ ಎಲ್ಲಿ ಹುಡುಕಬೇಕು ಅಂತ ಗೊತ್ತಾಗ್ಬೇಕಲ್ಲ."

ಊಟ ಏಳು ಗಂಟೆಗೆ, ಎಲ್ಲರಿಗೂ ಒಟ್ಟಿಗೆ, ಉದ್ದನೆಯ ಮೇಜಿನಲ್ಲಿ. ಬುಕ್ ಮಾಡುವಾಗಲೇ ಸಸ್ಯಾಹಾರ ಅಂತ ಹೇಳಿಟ್ಟಿದ್ದೆ. ತರಕಾರಿ ಸೂಪು, ಆಮೇಲೆ ಫೊಂತೀನಾ ಚೀಸ್ ಕರಗಿಸಿದ, ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ. ಅಡುಗೆಯ ಸಾಮಾನು ಹೆಲಿಕಾಪ್ಟರಿನಲ್ಲಿ ಬರುತ್ತದೆ ಅಂತ ಗೊತ್ತಾದ ಮೇಲೆ ಅಪ್ಪ ತಟ್ಟೆಯಲ್ಲಿ ಒಂದು ಚೂರೂ ಬಿಡಲಿಲ್ಲ.

ನಮ್ಮೆದುರು ಕೂತವರು ಉದ್ಯಾನದ ಕಾವಲುಗಾರ, ಆ ದಿನದ ಸುತ್ತು ಮುಗಿಸಿ ಊಟಕ್ಕೆ ನಿಂತಿದ್ದರು. ಅಪ್ಪ ಏನು ಮಾಡುತ್ತಿದ್ದ ಅಂತ ನಾನು ಹೇಳಿದ್ದೇ ತಡ, ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ಮುಂದಿನ ಎರಡು ಗಂಟೆ ನಾನು ದುಭಾಷಿ.

ಅಪ್ಪನ ಮೊದಲ ಪ್ರಶ್ನೆ: "ರಾತ್ರಿ ಎಲ್ಲಿ ಇರ್ತೀರಿ?" ಕಣಿವೆಗಳ ಮೇಲ್ಭಾಗದಲ್ಲಿ ಕಾವಲುಗಾರರಿಗೇ ಅಂತ ಸಣ್ಣ ಮನೆಗಳಿವೆ, ಬೇಸಿಗೆಯಲ್ಲಿ ಸರದಿಯ ಮೇಲೆ ಅಲ್ಲೇ ಉಳಿದು, ಬೆಳಕು ಹರಿಯುವ ಮುಂಚೆ ದುರ್ಬೀನು ಹಿಡಿದು ಹೊರಡುತ್ತಾರೆ. ಅಪ್ಪ ನಮ್ಮ ಕಳ್ಳಬೇಟೆ ತಡೆ ಶಿಬಿರದ ಬಗ್ಗೆ ಹೇಳಿದ. ತಗಡಿನ ಮಾಡು, ಅಕ್ಕಿ ಬೇಳೆ, ವೈರ್‌ಲೆಸ್, ಜೊತೆಗೆ ದಿನಗೂಲಿ ವಾಚರ್‌ಗಳು. ಮಳೆಗಾಲದಲ್ಲಿ ಜಿಗಣೆ. ಜಿಗಣೆಗೆ ಇಟಾಲಿಯನ್ನಿನಲ್ಲಿ ಏನನ್ನುತ್ತಾರೋ ಹೊಳೆಯದೆ ನಾನು ಕೈಯಲ್ಲೇ ತೋರಿಸಿದೆ. ಅವರು ಜೋರಾಗಿ ನಕ್ಕು ಅಪ್ಪನ ಭುಜ ತಟ್ಟಿದರು.

ಆಮೇಲೆ ಅವರು ಹೇಳಿದ ಕಥೆಯನ್ನು ಅಪ್ಪ ಈಗಲೂ ಫೋನಿನಲ್ಲಿ ತನ್ನ ಹಳೆಯ ಜೊತೆಗಾರರಿಗೆ ಹೇಳುತ್ತಾನೆ. ರಾಜ ಮೂರನೇ ವಿತ್ತೋರಿಯೊ ಇಮ್ಯಾನುಯೆಲೆ ತನ್ನ ಬೇಟೆ ಮೀಸಲನ್ನು ದೇಶಕ್ಕೆ ಬಿಟ್ಟುಕೊಟ್ಟ ಮೇಲೆ, 1922ರಲ್ಲಿ ಇದು ಇಟಲಿಯ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಮೊದಮೊದಲು ಎಲ್ಲ ಸರಿಯಿತ್ತು. 1930ರ ದಶಕದಲ್ಲಿ ಫ್ಯಾಸಿಸ್ಟ್ ಸರಕಾರ ಉದ್ಯಾನದ ಆಡಳಿತವನ್ನು ಕಿತ್ತು ಅರಣ್ಯ ಸೇನೆಯ ಕೈಗೆ ಕೊಟ್ಟಿತು. ಒಂದೊಂದು ಬಂಡೆಸಾಲನ್ನೂ ಬಲ್ಲ ಸ್ಥಳೀಯ ಕಾವಲುಗಾರರು ಹೋದರು, ಬಂದವರಿಗೆ ಬೆಟ್ಟ ಗೊತ್ತಿರಲಿಲ್ಲ. ಜೊತೆಗೆ ಯುದ್ಧ, ಹಸಿವು. ಯುದ್ಧ ಮುಗಿಯುವಾಗ ಕೆಲವೇ ನೂರು ಐಬೆಕ್ಸ್ ಉಳಿದಿದ್ದವು. ರೆನ್ಜೊ ವಿದೆಸೊತ್ ಎಂಬ ಪಶುವೈದ್ಯ ಉದ್ಯಾನದ ಹೊಣೆ ಹೊತ್ತು, ಸ್ಥಳೀಯರ ಕಾವಲುಪಡೆಯನ್ನು ಮತ್ತೆ ಕಟ್ಟಿದ. 1947ರಲ್ಲಿ ಉದ್ಯಾನಕ್ಕೆ ಸ್ವಂತ ಆಡಳಿತ ಸಿಕ್ಕಿತು. ಇಂದಿಗೂ ಇಲ್ಲಿನ ಕಾವಲುಪಡೆ ಉದ್ಯಾನದ್ದೇ.

ಅಪ್ಪ ಕೇಳಿಸಿಕೊಂಡು ಬಹಳ ಹೊತ್ತು ಮೇಜಿನ ಮೇಲೆ ಬೆರಳಾಡಿಸುತ್ತಿದ್ದ. "ವಾಚರ್‌ಗಳಿಗೆ ಎರಡು ತಿಂಗಳು ಸಂಬಳ ತಡ ಆದ್ರೆ ಏನಾಗ್ತದೆ ಅಂತ ನಾನು ನೋಡಿದ್ದೇನೆ. ಇವರಿಗೆ ಹೇಳು." ಹೇಳಿದೆ.

ಹತ್ತು ಗಂಟೆಗೆ ದೀಪ ಆರಿತು. ರಾತ್ರಿ ಇನ್ನೂ ಕತ್ತಲಿರುವಾಗಲೇ ಹಗ್ಗ, ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟುವ ಮುಳ್ಳು) ಹೊತ್ತವರು ಪಿಸುಮಾತಿನಲ್ಲಿ ಎದ್ದು 4061 ಮೀಟರಿನ ಗ್ರಾನ್ ಪರಾದೀಸೊ ಶಿಖರಕ್ಕೆ ಹೊರಟರು. ನಾವು ಬೆಳಕಾದ ಮೇಲೆ ಹೊರಟೆವು.

ಎರಡು ರಿಫುಜಿಯೊಗಳ ನಡುವಿನ ದಾರಿಯಲ್ಲಿ ಕಲ್ಲುರಾಶಿ, ಹಿಮನದಿ ಕರಗಿ ಹರಿಯುವ ಬೂದುಬಣ್ಣದ ತೊರೆಗಳು, ನಡುನಡುವೆ ಹುಲ್ಲು. ದೊಡ್ಡ ಅಳಿಲಿನಂಥ ಮಾರ್ಮೊಟ್‌ಗಳ ಸಿಳ್ಳೆ ಕಿವಿಗೆ ಬೀಳುತ್ತಲೇ ಇತ್ತು. ಒಂದು ತಿರುವಿನಲ್ಲಿ ಅಪ್ಪ ಕೈಯೆತ್ತಿ ನನ್ನನ್ನು ತಡೆದ, ಕಾಡಿನಲ್ಲಿ ನಡೆದವರಿಗೆ ಮಾತ್ರ ಬರುವ ರೀತಿಯಲ್ಲಿ, ಹಿಂದೆ ತಿರುಗದೆ. ಇಪ್ಪತ್ತು ಹೆಜ್ಜೆ ಆಚೆ ಗಂಡು ಐಬೆಕ್ಸ್ ಒಂದು ಬಂಡೆಗೆ ಒರಗಿ ಮಲಗಿ ಮೆಲುಕು ಹಾಕುತ್ತಿತ್ತು. ಹಿಂದಕ್ಕೆ ಬಾಗಿದ ಕೊಂಬು ನನ್ನ ತೋಳಿಗಿಂತ ಉದ್ದ. ಕಿವಿಯಲ್ಲಿ ಬಣ್ಣದ ಬಿಲ್ಲೆ. ಈ ಕಣಿವೆಯ ಲೆವಿಯೊನಾಜ್ ಪ್ರದೇಶದಲ್ಲಿ ಸಂಶೋಧಕರು ಒಂದೊಂದು ಪ್ರಾಣಿಯನ್ನೂ ಹೀಗೆ ಗುರುತು ಮಾಡಿ ವರ್ಷಗಟ್ಟಲೆ ಹಿಂಬಾಲಿಸುತ್ತಾರೆ. ಹಿಂದಿನ ರಾತ್ರಿ ಕಾವಲುಗಾರರು ಕಲಿಸಿದಂತೆ ಅಪ್ಪ ದುರ್ಬೀನಿನಲ್ಲಿ ವಯಸ್ಸು ಎಣಿಸತೊಡಗಿದ. ಕೊಂಬಿನ ಮುಂಭಾಗದ ಗಂಟುಗಳನ್ನಲ್ಲ, ಪ್ರತಿ ಚಳಿಗಾಲ ಬೆಳವಣಿಗೆ ನಿಂತಾಗ ಬೀಳುವ ಗೆರೆಗಳನ್ನು ಎಣಿಸಬೇಕು. "ಹನ್ನೊಂದು," ಅಂದ. ಸ್ವಲ್ಪ ತಡೆದು ಮತ್ತೆ ಎಣಿಸಿ, "ಹನ್ನೊಂದೇ."

ಇಲ್ಲಿ 1956ರಿಂದ ವರ್ಷಕ್ಕೆ ಎರಡು ಸಲ ಕಾವಲುಗಾರರು ಇಡೀ ಉದ್ಯಾನ ನಡೆದು ಐಬೆಕ್ಸ್ ಎಣಿಸುತ್ತಾರೆ. 1990ರ ದಶಕದ ಆರಂಭದಲ್ಲಿ ಸಂಖ್ಯೆ ಐದು ಸಾವಿರದ ಹತ್ತಿರ ಹೋಗಿತ್ತು. ಆಮೇಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಮರಿಗಳು ಉಳಿಯುತ್ತಿಲ್ಲ. ಹಿಮ ಬೇಗ ಕರಗಿ ಹುಲ್ಲು ಬೇಗ ಬಲಿಯುವುದರಿಂದ, ತಾಯಿ ಹಾಲೂಡುವ ಹೊತ್ತಿಗೆ ಎಳೆ ಹುಲ್ಲು ಸಿಗುವುದಿಲ್ಲ ಅನ್ನುವುದು ಸಂಶೋಧಕರು ಕೊಡುವ ಮುಖ್ಯ ಕಾರಣಗಳಲ್ಲೊಂದು. ಕೋವಿ ಹಿಡಿದವನನ್ನು ಹಿಡಿಯಬಹುದಿತ್ತು, ಇದನ್ನು ಯಾವ ಕಾವಲುಗಾರ ಹಿಡಿಯುತ್ತಾನೆ ಅನ್ನುವ ಚಿಂತೆ ಅಪ್ಪನಿಗೆ. ನನಗೂ ಅದೇ. ಆದರೆ ಕುಸಿಯುತ್ತಿದೆ ಅಂತ ಗೊತ್ತಾಗಿದ್ದೇ ಇಷ್ಟು ವರ್ಷ ತಪ್ಪದೆ ಎಣಿಸಿದ್ದರಿಂದ. ಆ ಲೆಕ್ಕದ ಪುಸ್ತಕಗಳಿಗೆ ನಾನು ಶಿಖರಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಶಾಬೋ ರಿಫುಜಿಯೊ ಸಣ್ಣದು, ಎದುರಿಗೇ ಗ್ರಾನ್ ಪರಾದೀಸೊದ ವಾಯವ್ಯ ಮುಖ. ಇತಿಹಾಸಕಾರ ಫೆದೆರಿಕೊ ಶಾಬೋ ಹೆಸರಿನದು; ಫ್ಯಾಸಿಸಂ ವಿರುದ್ಧದ ಪ್ರತಿರೋಧದಲ್ಲಿದ್ದವರು, ಯುದ್ಧದ ನಂತರ ಈ ಪ್ರಾಂತ್ಯದ ಮೊದಲ ಅಧ್ಯಕ್ಷರಾದವರು. ಬಿಸಿಲಲ್ಲಿ ಬೆಂಚಿನ ಮೇಲೆ ಕೂತು ಸೂಪು ಕುಡಿದೆವು. ನಮ್ಮ ಕಸವನ್ನೆಲ್ಲ ಅಪ್ಪ ಒಂದು ಪೊಟ್ಟಣ ಮಾಡಿ ತನ್ನ ಚೀಲಕ್ಕೇ ಹಾಕಿಕೊಂಡ, ನನ್ನ ಕೈಗೆ ಕೊಡಲಿಲ್ಲ.

ಪ್ರಾವಿಯೂಗೆ ಇಳಿಯುವಾಗ ಅವನ ಮಾತೆಲ್ಲ ಸೆಪ್ಟೆಂಬರಿನ ಎಣಿಕೆಯದೇ. ಹೊರಗಿನವರು ಜೊತೆಗೆ ನಡೆಯಬಹುದಾ, ಯಾರಿಗೆ ಪತ್ರ ಬರೆಯಬೇಕು, ವೀಸಾ ಅಲ್ಲಿಯವರೆಗೆ ಇದೆಯಾ. ಬಸ್ಸಿಗೆ ಕಾಯುತ್ತಾ ನಿಂತಲ್ಲೇ ಉದ್ಯಾನದ ಕಚೇರಿಗೆ ಒಂದು ಮೇಲ್ ಬರೆಸಿದ. ಕೆಳಗೆ ತನ್ನ ಹೆಸರಿನ ಜೊತೆ 'ನಿವೃತ್ತ ಫಾರೆಸ್ಟ್ ಗಾರ್ಡ್, ದಾಂಡೇಲಿ' ಅಂತ ಸೇರಿಸಲೇಬೇಕು ಅಂದ.