ಐವತ್ತಮೂರನೆಯ ಅಧ್ಯಾಯದ ಸೇವಕ

1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ದೊರೆತ, ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದ ಸುರುಳಿಯ ಪ್ರತಿಕೃತಿಯನ್ನು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ ವೃತ್ತಾಕಾರವಾಗಿ ಬಿಡಿಸಿಟ್ಟಿದ್ದಾರೆ. ಏಳು ಮೀಟರಿಗೂ ಉದ್ದವಾದ ಆ ಸುರುಳಿಯಲ್ಲಿ ಅಧ್ಯಾಯ, ವಚನಗಳ ಸಂಖ್ಯೆಯಿಲ್ಲ. ನಾನು ಹುಡುಕುತ್ತಿದ್ದ ಐವತ್ತಮೂರನೆಯ ಅಧ್ಯಾಯವನ್ನು ತೋರಿಸಿಕೊಟ್ಟವರು ಪಕ್ಕದಲ್ಲಿ ನಿಂತಿದ್ದ ಒಬ್ಬ ವೃದ್ಧ ಯೆಹೂದಿ ಉಪಾಧ್ಯಾಯರು.

ವಧೆಗೆ ಒಯ್ಯುವ ಕುರಿಯಂತೆ ಬಾಯಿ ತೆರೆಯದ, ಆ ಅಧ್ಯಾಯದಲ್ಲಿ ಬರುವ ದೇವರ ಸೇವಕನ ವರ್ಣನೆಯನ್ನು ಪ್ರತಿ ಶುಭ ಶುಕ್ರವಾರ ಕೇಳುತ್ತ ಬೆಳೆದ ನನಗೆ, ಆತನು ಯೇಸುವೇ ಎಂಬುದರಲ್ಲಿ ಪ್ರಶ್ನೆಯೇ ಹುಟ್ಟಿರಲಿಲ್ಲ. ಹೊಸ ಒಡಂಬಡಿಕೆಯಲ್ಲಿ, ಪ್ರವಾದಿಯು ಇದನ್ನು ಯಾರ ಕುರಿತು ಹೇಳಿದ್ದಾನೆಂದು ಐಥಿಯೋಪ್ಯದ ಅಧಿಕಾರಿ ಕೇಳಿದಾಗ, ಸುವಾರ್ತಿಕನಾದ ಫಿಲಿಪ್ಪನು ಇದೇ ಮಾತಿನಿಂದ ಆರಂಭಿಸಿ ಯೇಸುವಿನ ಸುವಾರ್ತೆಯನ್ನು ತಿಳಿಸಿದನಲ್ಲವೆ? ನಾನು ಹಾಗೆಂದಾಗ ಆ ಹಿರಿಯರು, ನಲವತ್ತೊಂಬತ್ತನೆಯ ಅಧ್ಯಾಯದ ಮೂರನೆಯ ವಚನದಲ್ಲಿ ದೇವರು ತನ್ನ ಸೇವಕನನ್ನು 'ಇಸ್ರಾಯೇಲೇ' ಎಂದು ಹೆಸರು ಹಿಡಿದು ಕರೆದಿರುವುದನ್ನು ನೆನಪಿಸಿದರು. ಹನ್ನೊಂದನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿಗೂ, ಅವರಿಗೂ ಆ ಸೇವಕನು ಪರದೇಶಗಳಲ್ಲಿ ನೊಂದ ತಮ್ಮ ಜನಾಂಗವೇ. ಇದು ಕ್ರೈಸ್ತರಿಗೆ ಉತ್ತರವಾಗಿ ಆ ಕಾಲದಲ್ಲಿ ಹೊಸೆದ ಅರ್ಥವೆಂದು ಮೊದಲು ನನಗನ್ನಿಸಿತು. ಆದರೆ ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್, ತನ್ನೊಡನೆ ವಾದಿಸಿದ ಯೆಹೂದ್ಯರು ಹೀಗೆಯೇ ಹೇಳಿದರೆಂದು ಬರೆದಿರುವುದನ್ನು ಊರಿಗೆ ಬಂದ ಮೇಲೆ ಓದಿದೆ. ಯೆಹೂದ್ಯರೆಲ್ಲರೂ ಒಂದೇ ಬಗೆಯಲ್ಲಿ ಓದಿದ್ದಾರೆಂದೂ ಅಲ್ಲ: ಪ್ರಾಚೀನ ಅರಮಾಯಿಕ್ ಭಾಷಾಂತರವಾದ ತಾರ್ಗುಮ್ ಆ ಸೇವಕನನ್ನು ಮೆಸ್ಸೀಯನೆಂದೇ, ಅಂದರೆ ದೇವರು ಕಳುಹಿಸುವ ಅಭಿಷಿಕ್ತನೆಂದೇ, ಕರೆಯುತ್ತದೆ, ಆದರೆ ಅವನ ನೋವುಗಳನ್ನು ಬೇರೆಯವರ ಮೇಲೆ ಹೊರಿಸುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಅವರು ಹೇಳಿದ ಇನ್ನೊಂದು ಸಂಗತಿ. ಯೆಹೂದ್ಯರ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಸಬ್ಬತ್ತಿನಂದು, ಅಂದರೆ ವಾರದ ವಿಶ್ರಾಂತಿ ದಿನದಂದು, ವಾಡಿಕೆಯಾಗಿ ಓದುವ ಯೆಶಾಯನ ವಾಚನವೊಂದು ಐವತ್ತೆರಡನೆಯ ಅಧ್ಯಾಯದ ಹನ್ನೆರಡನೆಯ ವಚನಕ್ಕೆ ನಿಲ್ಲುತ್ತದೆ, ಇನ್ನೊಂದು ಐವತ್ತನಾಲ್ಕರಿಂದ ತೊಡಗುತ್ತದೆ. ನಮ್ಮ ಆರಾಧನೆಯ ಹೃದಯದಲ್ಲಿರುವ ಪುಟವು ಅವರ ವಾಚನದ ಸರದಿಯಲ್ಲಿ ಬರುವುದೇ ಇಲ್ಲ. ಶಿಲುಬೆಯ ಬಳಿ ನಿಂತು ನಾವು ಹಿಂದಕ್ಕೆ ಓದುತ್ತೇವೆ. ಅವರು ಬಾಬೆಲಿನ ಸೆರೆಯಲ್ಲಿದ್ದ ತಮ್ಮ ಪೂರ್ವಿಕರ ಜೊತೆ ಕುಳಿತು ಮುಂದಕ್ಕೆ ಓದುತ್ತಾರೆ. ನನ್ನ ನಂಬಿಕೆ ಇದರಿಂದ ಕದಲಲಿಲ್ಲ. ಆದರೂ ಆ ಸೆರೆಯವರ ಕಿವಿಗೆ ಈ ಮಾತು ಹೇಗೆ ಬಿದ್ದಿರಬಹುದೆಂದು ಇಷ್ಟು ವರ್ಷ ನಾನು ಕೇಳಿಕೊಳ್ಳದೆ ಇದ್ದುದು ತಪ್ಪೆಂದೇ ಭಾವಿಸುತ್ತೇನೆ.

ಮನೆಯ ಹಳೆಯ ಬೈಬಲಿನಲ್ಲಿ ಈ ಅಧ್ಯಾಯದ ಪಕ್ಕ ಅಮ್ಮ ಪೆನ್ಸಿಲಿನಲ್ಲಿ 'ಯೇಸು' ಎಂದು ಬರೆದಿಟ್ಟಿದ್ದರು. ಅದರ ಕೆಳಗೆ ನಾನು 49:3 ಎಂದು ಬರೆದೆ.