ಕೊನೆಯ 28 ಮಾತ್ರೆಗಳು

ಪ್ರವಾಸಕ್ಕೆ ಹೊರಟವರಿಗೆ ಲಸಿಕೆ ಹಾಕುವ ಕ್ಲಿನಿಕ್‌ನಲ್ಲಿ ನಾನು ನರ್ಸ್. ಯಾವ ದೇಶ, ಎಷ್ಟು ದಿನ, ಹಿಂದೆ ಯಾವ ಲಸಿಕೆ ಆಗಿದೆ ಅಂತ ವಿಚಾರಿಸುವುದು, ಚುಚ್ಚುವುದು, ಮಾತ್ರೆ ಹೇಗೆ ತೆಗೆದುಕೊಳ್ಳಬೇಕು ಅಂತ ಹೇಳಿ ಕಳಿಸುವುದು ನನ್ನ ಕೆಲಸ. ಸೇರಿ ಎರಡು ವರ್ಷ ಆಗಿತ್ತು. ಆಗ ನನ್ನಿಂದ ಒಂದು ತಪ್ಪಾಯಿತು.

ಒಬ್ಬರು ಕೆಲಸದ ಮೇಲೆ ಮೂರು ವಾರ ಘಾನಾಕ್ಕೆ ಹೊರಟಿದ್ದರು. ವಿಮಾನಕ್ಕೆ 12 ದಿನ ಬಾಕಿ. ಅವರ ತಲೆಯಲ್ಲಿ ಇದ್ದದ್ದು ಒಂದೇ, ಹಳದಿ ಜ್ವರದ ಸರ್ಟಿಫಿಕೇಟ್. ಅದಿಲ್ಲದೆ ಆ ದೇಶದೊಳಗೆ ಬಿಡುವುದಿಲ್ಲ. ಲಸಿಕೆ ಹಾಕಿಸಿಕೊಂಡ 10 ದಿನದ ನಂತರವೇ ಸರ್ಟಿಫಿಕೇಟ್ ಚಾಲ್ತಿಗೆ ಬರುತ್ತದೆ. ಅಂದರೆ ನಮ್ಮ ಕೈಯಲ್ಲಿ ಇದ್ದದ್ದು ಎರಡೇ ದಿನ. (ಹೊರಡುವ ನಾಲ್ಕರಿಂದ ಆರು ವಾರ ಮೊದಲೇ ಬನ್ನಿ ಅಂತ ನಾವು ಹೇಳುವುದು ಇದಕ್ಕೇ.) ಹಳದಿ ಜ್ವರದ್ದು ಜೀವಂತ ವೈರಸ್ ಇರುವ ಲಸಿಕೆ. ಹಾಗಾಗಿ ಮೊಟ್ಟೆ ಅಲರ್ಜಿ ಇದೆಯಾ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ನಡೆಯುತ್ತಿದೆಯಾ ಅಂತ ಒಂದೊಂದಾಗಿ ಕೇಳಿದೆ. ಚುಚ್ಚಿದೆ. ಹಳದಿ ಪುಸ್ತಕದಲ್ಲಿ ತಾರೀಖು ಬರೆದು, ಸೀಲ್ ಒತ್ತಿ, ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಇದೆಯಾ ಅಂತ ಎರಡು ಸಲ ನೋಡಿದೆ. 2016ರ ಜುಲೈ 11ರಿಂದ ಈ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತದೆ, ಜೋಪಾನವಾಗಿ ಇಟ್ಟುಕೊಳ್ಳಿ ಅಂತಲೂ ಹೇಳಿದೆ.

ಮಲೇರಿಯಾ ಬರದಿರಲಿ ಅಂತ ಡಾಕ್ಟರ್ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದಿದ್ದರು. ಹೊರಡುವ ಹಿಂದಿನ ದಿನದಿಂದ ಶುರು ಮಾಡಿ, ದಿನಕ್ಕೊಂದು, ಊಟ ಆದ ಮೇಲೆ, ದೊಡ್ಡ ಲೋಟದ ತುಂಬ ನೀರಿನ ಜೊತೆ. ನುಂಗಿದ ತಕ್ಷಣ ಮಲಗಬೇಡಿ, ಗಂಟಲಲ್ಲಿ ಸಿಕ್ಕಿದರೆ ಉರಿಯುತ್ತದೆ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ, ಮೈ ಮುಚ್ಚಿಕೊಳ್ಳಿ. ಇಷ್ಟನ್ನೂ ಚೆನ್ನಾಗಿಯೇ ಹೇಳಿದೆ. ಅಷ್ಟರಲ್ಲಿ ಅವರು ಬ್ಯಾಗ್ ಹೆಗಲಿಗೇರಿಸಿ ಬಾಗಿಲ ಹತ್ತಿರ ಹೋಗಿದ್ದರು. ಹಿಂದಿನಿಂದ ಕೂಗಿ ಹೇಳಿದೆ, "ಬಂದ ಮೇಲೂ ನಾಲ್ಕು ವಾರ ತಗೊಳ್ಳಿ ಸರ್."

"ಆಯ್ತು ಸಿಸ್ಟರ್" ಅಂದರು. ಮುಂದಿನವರನ್ನು ಕರೆದೆ.

ಅಲ್ಲಿ ಇದ್ದಷ್ಟು ದಿನ ಅವರು ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ವಾಪಸ್ ಬಂದ ಮಾರನೇ ದಿನ ನಿಲ್ಲಿಸಿದರು. ಎರಡು ವಾರದ ಮೇಲೆ ಜ್ವರ ಬಂತು. ಮೈಕೈ ನೋವು, ತಲೆನೋವು. ಫ್ಲೂ ಇರಬೇಕು ಅಂತ ಪ್ಯಾರಾಸಿಟಮಾಲ್ ನುಂಗಿ ಎರಡು ದಿನ ಮಲಗಿದರು. ತೋರಿಸಿಕೊಂಡ ಡಾಕ್ಟರ್ ಪ್ರಯಾಣದ ಬಗ್ಗೆ ಕೇಳಲಿಲ್ಲ, ಇವರೂ ಹೇಳಲಿಲ್ಲ. ಮೂರನೇ ದಿನ ಹಲ್ಲು ಕಟಕಟ ಅನ್ನುವಷ್ಟು ಚಳಿ, ಮಾತು ತೊದಲು. ಮನೆಯವರು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ರಕ್ತದಲ್ಲಿ ಫಾಲ್ಸಿಪಾರಂ ಸಿಕ್ಕಿತು. ಮಲೇರಿಯಾಗಳಲ್ಲೇ ಬೇಗ ಪ್ರಾಣಕ್ಕೆ ಬರುವಂಥದ್ದು ಅದು. ಆರ್ಟೆಸುನೇಟ್ ಇಂಜೆಕ್ಷನ್ ಕೊಟ್ಟರು. ಉಳಿದರು.

ಗುಣವಾದ ಮೇಲೆ ಅವರೇ ಫೋನ್ ಮಾಡಿದರು. "ಸಿಸ್ಟರ್, ಸೊಳ್ಳೆ ಇರೋದು ಅಲ್ಲಿ. ಇಲ್ಲಿ ಬಂದ ಮೇಲೆ ಸುಮ್ನೆ ಯಾಕೆ ಅಂತ ಬಿಟ್ಟೆ" ಅಂದರು. ನನಗೆ ತುಂಬಾ ಸಂಕಟವಾಯಿತು. ಅವರು ಯೋಚಿಸಿದ್ದರಲ್ಲಿ ತಪ್ಪೇನಿದೆ? ತೆಗೆದುಕೊಳ್ಳಿ ಅಂತ ಹೇಳಿದ್ದೆ, ಯಾಕೆ ಅಂತ ಹೇಳಿರಲಿಲ್ಲ.

ಯಾಕೆ ಅನ್ನುವುದನ್ನು ಈಗ ಎಲ್ಲರಿಗೂ ಕೂರಿಸಿ ಹೇಳುತ್ತೇನೆ. ಸೊಳ್ಳೆ ಕಚ್ಚಿದಾಗ ಮಲೇರಿಯಾದ ಪರಾವಲಂಬಿ ರಕ್ತದಲ್ಲಿ ನಿಲ್ಲುವುದಿಲ್ಲ. ನೇರ ಲಿವರ್‌ಗೆ ಹೋಗಿ ಅಡಗುತ್ತದೆ. ಒಂದು ವಾರವೋ ಇನ್ನೂ ಜಾಸ್ತಿಯೋ ಅಲ್ಲೇ ಸದ್ದಿಲ್ಲದೆ ಬೆಳೆಯುತ್ತದೆ. ಆಗ ಜ್ವರ ಇರುವುದಿಲ್ಲ, ರಕ್ತ ಪರೀಕ್ಷೆಯಲ್ಲೂ ಕಾಣುವುದಿಲ್ಲ. ಆಮೇಲೆ ಸಾವಿರಾರು ಆಗಿ ರಕ್ತಕ್ಕೆ ಬರುತ್ತದೆ. ಡಾಕ್ಸಿಸೈಕ್ಲಿನ್ ಮುಖ್ಯವಾಗಿ ಅದನ್ನು ಹಿಡಿಯುವುದು ರಕ್ತದಲ್ಲಿ. ಕೊನೇ ರಾತ್ರಿ, ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಒಂದು ಸೊಳ್ಳೆ ಕಚ್ಚಿತು ಅಂದುಕೊಳ್ಳಿ. ಅದರ ಪರಾವಲಂಬಿ ಲಿವರ್‌ನಿಂದ ಹೊರಗೆ ಬರುವ ಹೊತ್ತಿಗೆ ನೀವು ನಿಮ್ಮ ಮನೆಯಲ್ಲಿ ಇರುತ್ತೀರಿ. ಆವತ್ತು ರಕ್ತದಲ್ಲಿ ಮಾತ್ರೆ ಇರಬೇಕು, ಅಲ್ವಾ? ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಫ್ಲೋಕ್ವಿನ್ ಅನ್ನುವ ಮಲೇರಿಯಾ ಮಾತ್ರೆಗೂ ಬಂದ ಮೇಲೆ ನಾಲ್ಕು ವಾರ ಇರುವುದು ಇದಕ್ಕೇ. ಅಟೊವಾಕ್ವೋನ್-ಪ್ರೊಗ್ವಾನಿಲ್ ಅನ್ನುವ ಇನ್ನೊಂದು ಮಾತ್ರೆ ಪರಾವಲಂಬಿಯನ್ನು ಲಿವರ್‌ನಲ್ಲೇ ಹೊಡೆಯುತ್ತದೆ, ಅದಕ್ಕೆ 7 ದಿನ ಸಾಕು.

ಈಗ ನಾನು ಮಾತು ಶುರು ಮಾಡುವುದೇ ಕೊನೆಯಿಂದ. ಮೇಜಿನ ಮೇಲೆ ಕ್ಯಾಲೆಂಡರ್ ಇಟ್ಟು, ವಾಪಸ್ ಬರುವ ತಾರೀಖಿಗೆ ಸುತ್ತು ಹಾಕುತ್ತೇನೆ. ಅಲ್ಲಿಂದ 28 ದಿನ ಎಣಿಸಲು ಅವರಿಗೇ ಪೆನ್ ಕೊಡುತ್ತೇನೆ. "ಆವತ್ತು ನೀವು ಆರಾಮಾಗಿ ಇರ್ತೀರಿ, ಪ್ರವಾಸ ಮರೆತೇ ಹೋಗಿರುತ್ತೆ. ಆದರೂ ಆವತ್ತು ಒಂದು ಮಾತ್ರೆ ಇದೆ" ಅನ್ನುತ್ತೇನೆ. ಆಮೇಲೆ ಕೊನೆಯ 28 ಮಾತ್ರೆಗಳ ಸ್ಟ್ರಿಪ್‌ಗಳನ್ನು ಬೇರೆ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ಒಂದು ಚೀಟಿ ಸಿಕ್ಕಿಸುತ್ತೇನೆ: "ಮನೆಗೆ ಬಂದ ಮೇಲೆ". ಎರಡು ನಿಮಿಷದ ಕೆಲಸ.

ತುಂಬಾ ಜನ ಕೇಳುತ್ತಾರೆ, ಮಲೇರಿಯಾಕ್ಕೂ ಈಗ ಲಸಿಕೆ ಬಂದಿದೆಯಲ್ಲ, ಅದನ್ನೇ ಹಾಕಿಬಿಡಿ ಅಂತ. ಬಂದಿರುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದಕ್ಕೆ, 2023ರಲ್ಲಿ ಇನ್ನೊಂದಕ್ಕೆ ಶಿಫಾರಸು ಮಾಡಿತು. ಆದರೆ ಅವು ಮಲೇರಿಯಾ ಇರುವ ಕಡೆಯೇ ಬೆಳೆಯುವ ಮಕ್ಕಳಿಗೆ. ಪ್ರವಾಸಿಗೆ ಮಾತ್ರೆ, ಸೊಳ್ಳೆ ಪರದೆ, ಮೈಗೆ ಹಚ್ಚುವ ಸೊಳ್ಳೆ ಔಷಧಿ, ಇವೇ ಗತಿ. ಮಲೇರಿಯಾ ಹರಡುವ ಅನಾಫಿಲಿಸ್ ಕಚ್ಚುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ಸನ್‌ಸ್ಕ್ರೀನ್ ಮೊದಲು, ಅದರ ಮೇಲೆ ಸೊಳ್ಳೆ ಔಷಧಿ.

ನನಗೆ ಜಾಸ್ತಿ ಭಯ ಆಗುವುದು ಮಲೇರಿಯಾ ಇರುವ ಊರಲ್ಲೇ ಹುಟ್ಟಿ, ಈಗ ಬೇರೆ ಕಡೆ ನೆಲೆಸಿರುವವರ ವಿಷಯದಲ್ಲಿ. ರಜೆಗೆ ಹೋಗುತ್ತಾರೆ, ನೆಂಟರ ಮನೆಯಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. "ನಾನು ಅಲ್ಲೇ ಬೆಳೆದವನು, ನನಗೇನೂ ಆಗಲ್ಲ" ಅನ್ನುತ್ತಾರೆ. ಸೊಳ್ಳೆ ಕಚ್ಚಿಸಿಕೊಳ್ಳುತ್ತಾ ಬಂದ ಮೈಗೆ ಇದ್ದ ತಡೆಯುವ ಶಕ್ತಿ, ಊರು ಬಿಟ್ಟ ಕೆಲ ವರ್ಷಕ್ಕೆ ಕರಗಿ ಹೋಗುತ್ತದೆ. ಅವರ ಮಕ್ಕಳಿಗಂತೂ ಅದು ಮೊದಲಿನಿಂದಲೇ ಇಲ್ಲ. ಇಂಥವರ ಹತ್ತಿರ ಅರ್ಧ ಗಂಟೆ ಜಾಸ್ತಿ ಕೂರುತ್ತೇನೆ.

ಯಾವ ಮಾತ್ರೆಯೂ ನೂರಕ್ಕೆ ನೂರು ಕಾಯುವುದಿಲ್ಲ. ಅದಕ್ಕೇ ಚೀಟಿಯ ಹಿಂದೆ ಇನ್ನೊಂದು ಸಾಲು ಬರೆಯುತ್ತೇನೆ: "ಜ್ವರ ಬಂದರೆ ಆವತ್ತೇ ಡಾಕ್ಟರ್ ಹತ್ತಿರ ಹೋಗಿ. ಮೊದಲ ಮಾತೇ ಹೋಗಿ ಬಂದ ದೇಶದ ಹೆಸರು." ವೈವಾಕ್ಸ್ ಅನ್ನುವ ಇನ್ನೊಂದು ಬಗೆ ಲಿವರ್‌ನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಎದ್ದು ಬರಬಹುದು. ಹಾಗಾಗಿ ಒಂದು ವರ್ಷದವರೆಗೂ ಈ ಮಾತು ನೆನಪಿರಲಿ ಅನ್ನುತ್ತೇನೆ.

ಮೊನ್ನೆ ಸಂಜೆ ಒಬ್ಬರು ಫೋನ್ ಮಾಡಿದ್ದರು. ಉಗಾಂಡದಿಂದ ಬಂದು ಮೂರು ವಾರ, ಮಾತ್ರೆ ಇನ್ನೂ ನಡೆಯುತ್ತಿದೆ, ಬೆಳಗ್ಗೆಯಿಂದ ಜ್ವರ. "ನಾಳೆ ಹೋದ್ರೆ ಆಗುತ್ತಾ ಸಿಸ್ಟರ್?" ಅಂದರು. ಈಗಲೇ ಹೋಗಿ ಅಂದೆ. ರಾತ್ರಿ ಪರೀಕ್ಷೆ ನೆಗೆಟಿವ್ ಬಂತು. ಒಂದೇ ಪರೀಕ್ಷೆಗೆ ಬಿಡಬೇಡಿ, 12ರಿಂದ 24 ಗಂಟೆ ಬಿಟ್ಟು ಮತ್ತೆ ಮಾಡಿಸಿ, ಒಟ್ಟು ಮೂರು ಸಲ ಅಂತ ಹೇಳಿದೆ. ಬೇಜಾರಿಲ್ಲದೆ ಮಾಡಿಸಿದರು. ಮೂರನೆಯದೂ ನೆಗೆಟಿವ್ ಬಂತು, ಜ್ವರವೂ ಇಳಿಯಿತು. ಅವರ ರಬ್ಬರ್ ಬ್ಯಾಂಡ್‌ನಲ್ಲಿ ಇನ್ನು ಐದು ಮಾತ್ರೆ ಉಳಿದಿವೆಯಂತೆ.